ಎರಡನೆಯ ಮುಂಜಾನೆಯ ಮಾಸ್ತರರು

ಹೋದ ವಾರ ಬೀದರಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ತೀರಿಕೊಂಡ ಮಾಸ್ತರರನ್ನು ಶಾಂತಮೂರ್ತಿ ಎಂದರು. ಒಬ್ಬರು ಮೃದುಭಾಷಿ ಎಂದರು. ಇನ್ನೊಬ್ಬರು, ಅವರ ಕೈಕೆಳಗೆ ಒಂದು ದಿನವೂ ಓದದವರು, ‘ಸ್ಥಿತಪ್ರಜ್ಞ’ ಎಂಬ ಪದವನ್ನೇ ತಂದು ಅವರ ಫೋಟೋದ ಮುಂದೆ ಇಟ್ಟರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ನಗು ತಡೆಯಲಾಗಲಿಲ್ಲ. ತಲೆ ತಗ್ಗಿಸಿ ನಕ್ಕೆ. ಪಕ್ಕದವರು ನಾನು ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದರು. ಕೊನೆಗೆ ನನ್ನನ್ನೂ ಕರೆದರು. ಎದ್ದೆ, ಹೇಳಬೇಕಾದ್ದನ್ನು ಬಿಟ್ಟು ಬೇರೇನೋ ಎರಡು ಮಾತು ಹೇಳಿ ಕುಳಿತೆ. ಅಂದಿನಿಂದ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಭಾಲ್ಕಿಯ ಸಾಹುಕಾರರ ಮೊಮ್ಮಕ್ಕಳು ನನ್ನ ಬಾಗಿಲಿಗೆ ಬರುತ್ತಾರೆ. ಈ ವಯಸ್ಸಿನಲ್ಲೂ ನನಗೆ ಜಗಳದ ಆಸೆ ಇದೆ, ತಾಕತ್ತಿಲ್ಲ.

ಶಾಂತವಂತೆ. ಆ ಮನುಷ್ಯ ಒಂದು ಕಡೆ ಕುಳಿತದ್ದನ್ನು ಕಂಡವರೇ ಕಡಿಮೆ. ಚಹಾ ಕುಡಿಯುವಾಗಲೂ ನಡೆಯುತ್ತಿದ್ದರು. ಅರ್ಧ ಕಪ್ಪು ಹೊಟ್ಟೆಗೆ, ಅರ್ಧ ಶೇರವಾನಿಗೆ. ತರಗತಿಯ ಕುರ್ಚಿಯ ಮೇಲೆ ಹುಡುಗರು ತಮ್ಮ ರೊಟ್ಟಿಯ ಗಂಟು ಇಡುತ್ತಿದ್ದರು, ಏಕೆಂದರೆ ಅದರಲ್ಲಿ ಯಾರೂ ಕೂರುವುದಿಲ್ಲ ಎಂಬುದು ಇಡೀ ಸಾಲೆಗೆ ಗೊತ್ತಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು. ಶೇರವಾನಿಯ ಬಲಜೇಬು ಸದಾ ಸೀಮೆಸುಣ್ಣದಿಂದ ಬೆಳ್ಳಗೆ. ಯಾರಾದರೂ ಪೇಪರು ಓದುತ್ತಿದ್ದರೆ ಬೆನ್ನ ಹಿಂದೆ ನಿಂತು ತಾವೂ ಓದುವರು; ಅವರು ಪುಟ ತಿರುಗಿಸುವುದು ತಡವಾದರೆ ಕೈ ಚಾಚಿ ತಾವೇ ತಿರುಗಿಸುವರು. ಈ ಒಂದು ಚಟಕ್ಕೆ ಭಾಲ್ಕಿಯ ಎರಡು ಹೋಟೆಲುಗಳಲ್ಲಿ ಅವರನ್ನು ಕಂಡರೆ ಪೇಪರು ಮುಚ್ಚಿಡುತ್ತಿದ್ದರು.

ಅವರು ಇಂಗ್ಲಿಷ್ ಮಾಸ್ತರರು, ನಾನು ಲೆಕ್ಕದ ಮಾಸ್ತರ. ನಿಜಾಮರ ಆಡಳಿತದ ಕೊನೆಯ ವರ್ಷಗಳು. ಅವರದು ಬೀದರಿನ ಹಳೆಯ ಊರು, ಮನೆಯ ಮಾತು ದಖನಿ ಉರ್ದು. ನನ್ನದು ಔರಾದ ಕಡೆಯ ಠಾಣಾ ಕುಶನೂರ. ಭಾಲ್ಕಿಯಲ್ಲಿ ಎದುರುಬದುರು ಓಣಿಗಳಲ್ಲಿ ಬಾಡಿಗೆಗೆ ಇದ್ದೆವು. ಅವರು ನನ್ನನ್ನು ‘ಲೆಕ್ಕದವ್ರ’ ಎನ್ನುತ್ತಿದ್ದರು, ನಾನು ಅವರನ್ನು ಎಲ್ಲರಂತೆ ‘ಸಾಹೇಬ್ರ’ ಎನ್ನುತ್ತಿದ್ದೆ. ಅವರ ಹೆಂಡತಿಯನ್ನು ಆಪಾ ಎನ್ನುತ್ತಿದ್ದೆ. ಪರದೆಯ ಹಿಂದಿನಿಂದ ಆಕೆ ನನಗೆ ಹುರಿದ ಶೇಂಗಾ ಕಳಿಸುತ್ತಿದ್ದಳು, ಗಂಡನ ಮೇಲಿನ ದೂರನ್ನೂ ಜೊತೆಗೇ ಕಳಿಸುತ್ತಿದ್ದಳು.

ಸಾಲೆಯ ಕಲಿಕೆ ಆಗ ಉರ್ದುವಿನಲ್ಲಿ. ಹುಡುಗರ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಇಂಗ್ಲಿಷಿನ ಒಂದು ವಾಕ್ಯ ಉರ್ದುವಿನ ಮೂಲಕ ಹಾದು ಹುಡುಗರ ತಲೆಗೆ ಸೇರುವಷ್ಟರಲ್ಲಿ ಅರ್ಧ ದಾರಿಯಲ್ಲೇ ಸುಸ್ತಾಗಿ ಕೂರುತ್ತಿತ್ತು. ಅವರು ಮೊದಲು ಕಾಯದೆಯಂತೆ ಉರ್ದುವಿನಲ್ಲಿ ಹೇಳುವರು. ಆಮೇಲೆ ಬಾಗಿಲು ಹಾಕಿ, ಅದನ್ನೇ ಕನ್ನಡದಲ್ಲಿ ಹೇಳುವರು. ಬಾಗಿಲು ಹಾಕಿದ ಸದ್ದು ಕೇಳಿದರೆ ಪಕ್ಕದ ಕೋಣೆಯಲ್ಲಿದ್ದ ನಾನು, ಇನ್ನು ಗದ್ದಲ ಶುರು ಎಂದುಕೊಳ್ಳುತ್ತಿದ್ದೆ.

ಮೇಲಿನ ತರಗತಿಗೆ ಒಂದು ತೆಳು ಪುಸ್ತಕವಿತ್ತು. ವಿಕ್ಟೋರಿಯಾ ರಾಣಿಯ ಕಾಲದ ಸಣ್ಣ ಕಾದಂಬರಿ. ಕಲ್ಲೆದೆಯ ಸಾಹುಕಾರನೊಬ್ಬನ ಹತ್ತಿರ ಒಂದು ಚಳಿಯ ರಾತ್ರಿ ಸತ್ತವರು ಬಂದು, ಅವನ ಬಾಳನ್ನು ಅವನಿಗೇ ತೋರಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅವನು ಒಳ್ಳೆಯವನಾಗಿ ಬಡವರಿಗೆ ಉಣಿಸುತ್ತಾನೆ. ಕತೆ ಅಷ್ಟೆ. ನನಗೆ ಅದು ಮಕ್ಕಳನ್ನು ಮಲಗಿಸುವ ಕತೆಯಂತೆ ಕಂಡಿತು, ಹಾಗೆಂದು ಹೇಳಿಯೂ ಬಿಟ್ಟೆ. ಅವರು ಅಂದಿನಿಂದ ನನ್ನ ಬೆನ್ನು ಹತ್ತಿದರು.

ಆ ಪುಸ್ತಕದಲ್ಲಿ ಊರಿನ ತುಂಬ ಮಂಜು. ಭಾಲ್ಕಿಯ ಹುಡುಗರು ಮಂಜನ್ನು ಎಲ್ಲಿ ಕಂಡಾರು? ಒಂದು ದಿನ ಅವರು ತರಗತಿಯ ಮೂಲೆಯಲ್ಲಿ ಹಸಿ ತೊಗರಿ ಕಟ್ಟಿಗೆ ರಾಶಿ ಹಾಕಿ ಬೆಂಕಿ ಹಚ್ಚಿ, ಕಿಟಕಿ ಮುಚ್ಚಿದರು. ಹೊಗೆ ತುಂಬಿತು. ಹುಡುಗರು ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತಿದ್ದರೆ, ‘ಈಗ ಓದ್ರಿ’ ಎಂದರು. ಹೆಡ್ ಮಾಸ್ತರರು ಸಾಲೆಗೆ ಬೆಂಕಿ ಬಿತ್ತೆಂದು ನೀರಿನ ಕೊಡ ಹೊರಿಸಿಕೊಂಡು ಓಡಿ ಬಂದರು. ಇವರು ಹೊಗೆಯೊಳಗಿಂದಲೇ, ಮಂಜು ಇಲ್ಲಿ ಬರೀ ಹವೆಯಲ್ಲ, ಒಬ್ಬರಿಗೊಬ್ಬರು ಕಾಣದಂತೆ ಬದುಕುವ ಊರಿನ ಸ್ಥಿತಿ ಎಂದು ಅವರಿಗೂ ಪಾಠ ಹೇಳಿದರಂತೆ. ಹೆಡ್ ಮಾಸ್ತರರು ಕೊಡದ ನೀರನ್ನು ಬೆಂಕಿಗೆ ಸುರಿದು, ಮಿಕ್ಕದ್ದನ್ನು ತಾವೇ ಕುಡಿದು ಹೋದರು. ಆ ವರ್ಷದ ಹುಡುಗರಲ್ಲಿ ಈಗ ಅಜ್ಜಂದಿರಾದವರಿದ್ದಾರೆ. ಆ ಪುಟವನ್ನು ಅವರು ಇಂದಿಗೂ ಮರೆತಿಲ್ಲ.

ಬರೆಯುವವನ ಕೈಚಳಕವನ್ನು ಅವರು ಅಡುಗೆಯವರ ಕೈಚಳಕದಂತೆ ನೋಡುತ್ತಿದ್ದರು. ಈತ ಶ್ರೀಮಂತನನ್ನು ಕೆಟ್ಟವನೆಂದು ಬೈಯುವುದಿಲ್ಲ, ಅವನ ಮನೆಯ ಒಲೆ ತೋರಿಸುತ್ತಾನೆ, ಪಕ್ಕದಲ್ಲೇ ಬಡವನ ಮನೆಯ ಒಲೆ ತೋರಿಸುತ್ತಾನೆ, ಸುಮ್ಮನಾಗುತ್ತಾನೆ ಎನ್ನುವರು. ಯಾವುದನ್ನು ಮೊದಲು ಹೇಳಿದ, ಯಾವುದನ್ನು ಆಮೇಲೆ ಹೇಳಿದ ನೋಡಿ, ಜಾಣತನವೆಲ್ಲ ಅಲ್ಲೇ ಇದೆ ಎನ್ನುವರು. ಜೀವವಿಲ್ಲದ ವಸ್ತುಗಳಿಗೆ ಜೀವ ತುಂಬುವುದನ್ನು ಕಲಿಸುವಾಗ ನಮ್ಮ ಊರಿನದೇ ಉದಾಹರಣೆ ಕೊಡಿ ಎಂದು ಹಟ ಹಿಡಿದರು. ಒಕ್ಕಲಿಗರ ಹುಡುಗನೊಬ್ಬ ಎದ್ದು ನಿಂತು ಹೇಳಿದ:

‘ನಮ್ಮ ಹಗೇವು ಅದ ಅಲ್ರಿ, ಅದು ಲೆವಿ ಗುಮಾಸ್ತನ್ನ ನೋಡಿದ ಕೂಡ್ಲೆ ಬಾಯಿ ಮುಚ್ಚಕೋತದ್ರಿ.’

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಲೆವಿ ಎಂದರೆ ಆಗ ಸರಕಾರ ರೈತರಿಂದ ಕಡ್ಡಾಯವಾಗಿ ಅಳೆದುಕೊಳ್ಳುತ್ತಿದ್ದ ಧಾನ್ಯ. ಆ ಹುಡುಗನ ಮಾತು ಕೇಳಿ ಅವರು ಕೋಣೆಯಿಂದ ಹೊರಗೆ ಬಂದು, ನನ್ನ ತರಗತಿಗೆ ನುಗ್ಗಿ, ನನ್ನ ಗುಣಾಕಾರದ ನಡುವೆಯೇ ಅದನ್ನು ನನಗೆ ಒಪ್ಪಿಸಿ ಹೋದರು. ಅಂಥ ಸಂತೋಷವನ್ನು ಅವರು ಬಚ್ಚಿಟ್ಟುಕೊಳ್ಳಲಾರರು. ಸಿಟ್ಟನ್ನೂ ಅಷ್ಟೆ.

ನನಗೂ ಅವರಿಗೂ ಜಗಳ ಹತ್ತಿದ್ದು ಕತೆಯ ಕೊನೆಯ ಬಗ್ಗೆ. ಒಬ್ಬ ಸಾಹುಕಾರ ಒಳ್ಳೆಯವನಾದರೆ ಊರಿನ ಹಸಿವು ಹೋಗುತ್ತದೆಯೇ, ಭಾಗಾಕಾರ ಹಚ್ಚಿ ನೋಡಿ ಎಂದೆ ನಾನು. ಅದು ಬರೆದವನಿಗೂ ಗೊತ್ತಿತ್ತು ಎಂದರು ಅವರು. ಜೀವಂತ ಮಂದಿಯ ಕೈಲಿ ಆಗುವುದಿಲ್ಲ ಎಂದು ಗೊತ್ತಾದದ್ದಕ್ಕೇ ಆತ ಸತ್ತವರನ್ನು ಕರೆಸಿದ. ಭೂತಗಳು ಬರುವುದು ಹೆದರಿಸಲಿಕ್ಕಲ್ಲ, ಕಾಯದೆ ಮಾಡಬೇಕಾದ ಕೆಲಸ ಮಾಡಲಿಕ್ಕೆ. ಆದರೂ ಅವರಿಗೆ ಸಮಾಧಾನವಿರಲಿಲ್ಲ. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಮನುಷ್ಯ ಬದಲಾಗುತ್ತಾನೆಯೇ? ಈ ಮುಳ್ಳು ಅವರ ಕಾಲಲ್ಲಿ ಮುರಿದು ಕೂತಿತ್ತು. ಅದಕ್ಕೇ ಹುಡುಗರಿಗೆ ಪ್ರತಿ ವರ್ಷ ಒಂದು ಕೆಲಸ ಕೊಡುತ್ತಿದ್ದರು. ಕತೆ ಮುಗಿದ ಮರುದಿನ ಏನಾಯಿತು, ಬರೆಯಿರಿ.

‘ಮೊದಲನೇ ಮುಂಜಾನಿ ಬರದವನ್ದು,’ ಎನ್ನುತ್ತಿದ್ದರು, ‘ಎರಡನೇ ಮುಂಜಾನಿ ನಮ್ದು.’

ಹುಡುಗರು ಬರೆಯುತ್ತಿದ್ದರು. ಒಬ್ಬನ ಎರಡನೆಯ ಮುಂಜಾನೆಯಲ್ಲಿ ಸುದ್ದಿ ಕೇಳಿ ಬಡವರೆಲ್ಲ ಬಂದು ನಿಂತರು, ಸಾಹುಕಾರ ಗಾಬರಿಯಾಗಿ ಬಾಗಿಲು ಹಾಕಿದ. ಇನ್ನೊಬ್ಬನದರಲ್ಲಿ ಸಾಹುಕಾರ ಬದಲಾಗಿಯೇ ಉಳಿದ, ಅವನ ಮಗ ಅವನನ್ನು ಹುಚ್ಚನೆಂದು ಕೋಣೆಯಲ್ಲಿ ಕೂಡಿಹಾಕಿದ. ಹೆಡ್ ಮಾಸ್ತರರು ಇದನ್ನೆಲ್ಲ ಹರಿದು ಹಾಕಿಸಿದರು. ಇನ್ಸ್‌ಪೆಕ್ಟರ್ ಸಾಹೇಬರು ಬಂದರೆ ಏನು ಹೇಳುವುದು ಎಂಬ ಚಿಂತೆ ಅವರದು.

ಭಾಲ್ಕಿಯಲ್ಲೂ ಒಬ್ಬ ಸಾಹುಕಾರರಿದ್ದರು. ಪೇಟೆಯ ಹಿಂದೆ ಅವರ ವಾಡೆ, ಕೋಟೆಯಂಥ ಬಾಗಿಲು, ಒಳಗಿನ ಅಂಗಳದಲ್ಲಿ ಸಾಲು ಹಗೇವುಗಳು. ಲೆವಿಯವರು ಬಂದರೆ ಮೊದಲು ಅವರಲ್ಲಿ ಊಟ, ಆಮೇಲೆ ರೈತರ ಮನೆಗೆ ದಾಳಿ. ರೈತರ ಜೋಳ ಅಳೆಯುವಾಗ ಸಾಹುಕಾರರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವರು. ಅವರ ಸ್ವಂತ ಹಗೇವುಗಳ ಬಾಯಿಯನ್ನು ಯಾರೂ ತೆಗೆಸಲಿಲ್ಲ. ನಿಜಾಮರ ಪರ ಹತಾರ ಹಿಡಿದ ರಜಾಕಾರರ ಹಾವಳಿ ಹೆಚ್ಚಾದಾಗ ಅವರ ನಾಯಕನನ್ನು ಕರೆದು ತಮ್ಮ ಮಂಚದ ಮೇಲೆ ಕೂರಿಸಿಕೊಂಡರು. ಹಿಂದೂವಾದರೇನು, ಮುಸಲ್ಮಾನನಾದರೇನು, ಧಾನ್ಯಕ್ಕೆ ಜಾತಿಯಿಲ್ಲ ಎಂದು ನಗುವರು. ನಮ್ಮ ಸಾಹೇಬರು ಅವರ ವಾಡೆಯ ಮುಂದೆ ಹಾದು ಹೋಗುವಾಗ ಹೆಜ್ಜೆ ಇನ್ನೂ ಜೋರು ಮಾಡುತ್ತಿದ್ದರು.

ನಲವತ್ತೆಂಟರಲ್ಲಿ ಚೌತಿ ಮುಗಿದ ಮೇಲೆ ಪೊಲೀಸ್ ಆಕ್ಷನ್ ಆಯಿತು, ಭಾರತದ ಸೈನ್ಯ ನಿಜಾಮರ ರಾಜ್ಯದೊಳಗೆ ಬಂತು. ಬೀದರ ಕಡೆಗೆ ವಿಮಾನ ಹೋದ ಸದ್ದು ಕೇಳಿದೆವು. ಹುಮನಾಬಾದಿಗೆ ಫೌಜು ಬಂತು ಎಂದು ಒಬ್ಬ, ಬೀದರ ಬಿತ್ತು ಎಂದು ಇನ್ನೊಬ್ಬ. ಮೆರೆಯುತ್ತಿದ್ದ ರಜಾಕಾರರು ಹೇಳಹೆಸರಿಲ್ಲದಂತೆ ಓಡಿಹೋದರು. ಪೇಟೆಯ ದರ್ಜಿ ಹಾಸಿಗೆಯ ಚಾದರ ಹರಿದು ಬಿಳಿ ಗಾಂಧಿ ಟೊಪ್ಪಿಗೆ ಹೊಲಿಯಲು ಕುಳಿತ. ನಿನ್ನೆಯವರೆಗೆ ನಿಜಾಮರ ಮಂದಿಯ ಕೆಂಪು ರೂಮಿ ಟೋಪಿ ಹಾಕಿದ್ದವರು ಕೂಡ ಅವನ ಅಂಗಡಿಯ ಮುಂದೆ ಸರದಿ ನಿಂತಿದ್ದರು. ನನಗೆ ಅದು ತಮಾಷೆ ಎನಿಸಿತು. ಸಾಹೇಬರಿಗೆ ಎನಿಸಲಿಲ್ಲ. ಏಕೆಂದರೆ ಸುತ್ತಲಿನ ಹಳ್ಳಿಗಳಿಂದ ಬೇರೆ ಸುದ್ದಿ ಬರುತ್ತಿತ್ತು. ರಜಾಕಾರರು ಮಾಡಿಹೋದದ್ದಕ್ಕೆ ಬಡ ಮುಸಲ್ಮಾನ ದರ್ಜಿಗಳು, ಪಿಂಜಾರರು, ಬಳೆ ಮಾರುವವರು ಲೆಕ್ಕ ಕೊಡಬೇಕಾಗಿ ಬಂತು. ಮನೆಗಳು ಉರಿದವು. ಸಾಹೇಬರ ಓಣಿಯಲ್ಲಿ ಒಲೆ ಹಚ್ಚುವುದನ್ನೇ ನಿಲ್ಲಿಸಿದರು, ಹೊಗೆ ಕಂಡರೆ ಮನೆಯಲ್ಲಿ ಜನ ಇದ್ದಾರೆಂದು ಗೊತ್ತಾಗುತ್ತದೆಂದು.

ಅಂಥ ಹೊತ್ತಿನಲ್ಲಿ ಒಂದು ಸಂಜೆ ಸಾಹುಕಾರರು ತಮ್ಮ ಆಳು ಮಾಣಿಕನನ್ನು ಆ ಓಣಿಗೆ ಕಳಿಸಿದರು. ಹೆಂಗಸರು ಮಕ್ಕಳನ್ನು ಕರೆದುಕೊಂಡು ನನ್ನ ವಾಡೆಗೆ ಬನ್ನಿ ಎಂದು. ಸಾಹೇಬರು ಅಂಗಳದಲ್ಲಿ ಶತಪಥ ಹಾಕುತ್ತ, ಈತನನ್ನು ನಂಬುವುದು ಹೇಗೆ ಎಂದು ತಮ್ಮೊಳಗೇ ವಾದ ನಡೆಸಿದ್ದರು. ಆಪಾ ವಾದಕ್ಕೆ ಕಾಯಲಿಲ್ಲ. ಅತ್ತೆಯ ಕೈ ಹಿಡಿದು, ಮಕ್ಕಳನ್ನು ಮುಂದೆ ಮಾಡಿ, ಅಕ್ಕಪಕ್ಕದ ಮನೆಯವರನ್ನೂ ಕರೆದುಕೊಂಡು ಹೊರಟಳು. ಗಂಡ ಹಿಂದಿನಿಂದ ಹೋದರು. ಮಾಣಿಕ ಅವರ ಅತ್ಯಂತ ಸಣ್ಣ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ವಾಡೆಯ ಹಿಂಬಾಗಿಲಿನಿಂದ ಮಾಳಿಗೆಗೆ ಹತ್ತಿಸಿದ.

ಮರುದಿನ ಬೆಳಿಗ್ಗೆ ಹಳ್ಳಿಗಳ ಕಡೆಯಿಂದ ಬಡಿಗೆ ಹಿಡಿದ ಗುಂಪು ಬಂತು. ನಾನು ಪೇಟೆಯಲ್ಲಿದ್ದೆ, ಕಣ್ಣಾರೆ ಕಂಡದ್ದು ಹೇಳುತ್ತೇನೆ. ಸಾಹುಕಾರರು ಹೊಸ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತರು. ಮುಂದೆ ನಿಂತವನೊಬ್ಬ ಒಳಗೆ ಯಾರಿದ್ದಾರೆ ಎಂದು ಕೇಳಿದ.

‘ನನ್ನ ಮಂದಿ ಅದಾರ,’ ಎಂದರು ಸಾಹುಕಾರರು. ‘ಒಳಗ ಹೋಗಬೇಕಂದ್ರ ನನ್ನ ತುಳದ ಹೋಗ್ರಿ.’

ಹೆದರಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೂ ಜಾಗ ಬಿಡಲಿಲ್ಲ. ಗುಂಪು ಸ್ವಲ್ಪ ಹೊತ್ತು ಕೂಗಾಡಿ ಚದುರಿತು. ನಾನು ಆ ಮನುಷ್ಯನನ್ನು ಜೀವಮಾನವಿಡೀ ಬೈದಿದ್ದೇನೆ, ಇನ್ನೂ ಬೈಯುತ್ತೇನೆ, ಆದರೆ ಆ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತದ್ದು ಸುಳ್ಳಲ್ಲ.

ಮುಂದಿನದು ನಾನು ಕಾಣದ್ದು. ಸಾಹೇಬರು ಮಾಳಿಗೆಯ ಕಿಟಕಿಯಿಂದ ಕಂಡದ್ದು, ಕೇಳಿದ್ದು. ಅಂದು ಮಿಲಿಟರಿ ಅಧಿಕಾರಿಯೊಬ್ಬರು ಜೀಪಿನಲ್ಲಿ ಭಾಲ್ಕಿಗೆ ಬರುವುದಿತ್ತು. ಅವರು ಬರುವಷ್ಟರಲ್ಲಿ ಬಡವರಿಗೆ ಜೋಳ ಹಂಚುತ್ತಿರುವುದು ಕಾಣಬೇಕೆಂದು ಸಾಹುಕಾರರಿಗೆ ಹೊಳೆಯಿತು. ಹೊರಗೆ ಡಂಗುರ ಹೊಡೆಸಿದರು. ಚೀಲ ಹಿಡಿದು ಮಂದಿ ನೆರೆಯಿತು. ಒಳಗೆ ಹಗೇವಿನ ಬಾಯಿ ತೆಗೆಸಿದರು.

ಹಗೇವಿನ ವಿಷಯ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಳೆಗಾಲವಿಡೀ ಮುಚ್ಚಿದ್ದ ಹಗೇವಿನೊಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಾಯಿ ತೆಗೆದು ಬಹಳ ಹೊತ್ತು ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ಉರಿಯುವ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಆರಿದರೆ ಯಾರೂ ಇಳಿಯುವುದಿಲ್ಲ. ಮಾಣಿಕ ಕಂದೀಲು ತರಲು ಹೊರಟಿದ್ದ. ಸಾಹುಕಾರರು ತಡೆದರು. ಜೀಪು ಠಾಣೆಯ ಹತ್ತಿರ ಬಂದಿದೆಯೆಂದು ಆಗಲೇ ಸುದ್ದಿ ಬಂದಿತ್ತು. ಮಾಣಿಕ ಇನ್ನೊಮ್ಮೆ ಕೇಳಿದ, ಅವರು ಇನ್ನೊಮ್ಮೆ ಬೈದರು. ಅವನು ತಲೆಗೆ ವಸ್ತ್ರ ಸುತ್ತಿಕೊಂಡು ಇಳಿದ. ಒಂದು ಬುಟ್ಟಿಯೂ ಮೇಲೆ ಬರಲಿಲ್ಲ.

ಹಗ್ಗ ಹಾಕಿ ಎಳೆದರು. ಹೆಣವನ್ನು ಹಿಂಬಾಗಿಲಿನಿಂದ ಸಾಗಿಸಿದರು. ಮನೆಯ ಖರ್ಚಿಗೆಂದು ಬಾಯಿ ಮೊದಲೇ ತೆಗೆದಿಟ್ಟಿದ್ದ ಬೇರೊಂದು ಸಣ್ಣ ಹಗೇವಿನಿಂದ ಜೋಳ ಎತ್ತಿದರು. ಅಧಿಕಾರಿ ಬಂದರು, ಫೋಟೋ ತೆಗೆದರು, ಸಾಹುಕಾರರ ಕೈ ಕುಲುಕಿದರು. ಜೈಕಾರ ಕೂಗಿದವರಲ್ಲಿ ನಾನೂ ಒಬ್ಬ. ಆ ಜೋಳದ ರೊಟ್ಟಿಯನ್ನೂ ತಿಂದೆ, ಒಳಗೆ ನಡೆದದ್ದು ಹೊರಗಿನವರಿಗೆ ಯಾರಿಗೂ ಗೊತ್ತಿರಲಿಲ್ಲ. ಸಂಜೆಯಾಗುವಷ್ಟರಲ್ಲಿ ಊರಿನಲ್ಲಿ ಮಾತು ಹಬ್ಬಿತು: ಮಾಣಿಕ ಬೆಳಕು ಹರಿಯುವ ಮೊದಲೇ ಜೋಳ ಕದಿಯಲು ಹಗೇವಿಗೆ ಇಳಿದಿದ್ದನಂತೆ, ದೇವರು ಅಲ್ಲೇ ಶಿಕ್ಷೆ ಕೊಟ್ಟನಂತೆ.

ಗಲಾಟೆ ಅಡಗಿ ಅವರೆಲ್ಲ ಮನೆಗೆ ಮರಳಿದ ಮೇಲೆ ಸಾಹೇಬರು ನನಗೆ ಇದನ್ನು ಹೇಳಿದರು. ಹೇಳುತ್ತ ಹೇಳುತ್ತ ರೈಲ್ವೆ ಸ್ಟೇಷನ್ನಿನವರೆಗೆ ನಡೆದರು, ಮತ್ತೆ ಊರಿಗೆ ನಡೆದರು, ಮತ್ತೆ ಸ್ಟೇಷನ್ನಿಗೆ. ನಾನು ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದೆ. ಅವರನ್ನು ಕಾಡುತ್ತಿದ್ದದ್ದು ಸಾಹುಕಾರರ ಕೆಟ್ಟತನ ಆಗಿದ್ದರೆ ಸುಲಭವಿತ್ತು. ಕೆಟ್ಟ ಸಾಹುಕಾರರನ್ನು ಅವರು ಪುಸ್ತಕದಲ್ಲಿ ಪ್ರತಿ ವರ್ಷ ನೋಡುತ್ತಿದ್ದರು. ಆ ಮನುಷ್ಯ ಒಳ್ಳೆಯವನಾಗಲು ಹೊರಟ ಅವಸರದಲ್ಲೇ ಮಾಣಿಕ ಸತ್ತಿದ್ದ. ಅದೇ ಅಂಗಳದ ಮೇಲಿನ ಮಾಳಿಗೆಯಲ್ಲಿ ಇವರ ಹೆಂಡತಿ ಮಕ್ಕಳು ಜೀವ ಉಳಿಸಿಕೊಂಡು ಕೂತಿದ್ದರು.

ಸುಮ್ಮನಿರಿ ಎಂದೆ ನಾನು. ನಿಮ್ಮ ಓಣಿ ಇನ್ನೂ ಅವರ ಮಾತಿನ ಮೇಲೆ ನಿಂತಿದೆ, ಅವರು ಕೈ ಬಿಟ್ಟರೆ ನಾಳೆ ಆ ಬಡಿಗೆಯವರು ಮತ್ತೆ ಬರುತ್ತಾರೆ ಎಂದೆ. ಅದು ಹೆದರಿಕೆಯ ಮಾತಲ್ಲ, ಲೆಕ್ಕದ ಮಾತು. ಅವರು ನಡಿಗೆ ಇನ್ನೂ ಜೋರು ಮಾಡಿದರು. ಮಾಣಿಕನ ಹೆಂಡತಿ ಕಾಶೀಬಾಯಿಯನ್ನು ಹೆಸರುಕಾಯಿ ಬಿಡಿಸುವ ಕೂಲಿಗೂ ಯಾರೂ ಕರೆಯುತ್ತಿಲ್ಲ, ಕಳ್ಳನ ಹೆಂಡತಿ ಎನ್ನುತ್ತಾರೆ, ಆಕೆ ಪೇಟೆ ಬಿಟ್ಟು ಹಿತ್ತಿಲ ದಾರಿಯಲ್ಲಿ ಓಡಾಡುತ್ತಾಳೆ ಎಂದಷ್ಟೇ ಹೇಳಿದರು.

ಸ್ವಲ್ಪ ದಿನಕ್ಕೆ, ಗಲಾಟೆಯಲ್ಲಿ ಆದ ಸಾವುನೋವಿನ ವಿಚಾರಣೆಗೆ ಹೊಸ ಸರಕಾರದ ಅಧಿಕಾರಿಯೊಬ್ಬರು ಬರುತ್ತಾರೆಂದು ಸಾರಿದರು. ಕಾಶೀಬಾಯಿ ತನ್ನದೂ ಒಂದು ಅಹವಾಲು ಎಂದು ಬರೆಸಲು ಠಾಣೆಗೆ ಹೋಗಿ ಕೂತಳಂತೆ. ಸಾಕ್ಷಿ ಯಾರು ಎಂದರೆ ಆಕೆಗೆ ಗೊತ್ತಿಲ್ಲ. ವಾಡೆಯ ಆಳುಗಳು ಯಾರೂ ಬಾಯಿ ಬಿಡಲಿಲ್ಲ.

ಸಾಹೇಬರ ಮನೆಯಲ್ಲಿ ಅಂದು ನಡೆದ ಮಾತಿಗೆ ನಾನು ಸಾಕ್ಷಿ. ಓಣಿಯ ಹಿರಿಯರು ಬಂದು, ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡಿ ಎಂದು ಕೈ ಮುಗಿದು ಹೋಗಿದ್ದರು. ಸಾಹೇಬರು ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿದ್ದರು. ಆಪಾ ಪರದೆ ಸರಿಸಿಯೇ ಮಾತಾಡಿದಳು. ಅದೊಂದೇ ಸಲ ನಾನು ಆಕೆಯ ಮುಖ ಕಂಡದ್ದು.

‘ಮಾಣಿಕ ನನ್ನ ಮಗಳಿಗ ಹೆಗಲ ಮ್ಯಾಲ ಹೊತ್ತಾನ. ಸಾಹುಕಾರರು ಬಾಗಲಾ ಕಾದಾರ,’ ಎಂದಳು. ‘ಎರಡೂ ಹೇಳ್ರಿ. ಉಪಕಾರ ಮೊದಲ ಹೇಳ್ರಿ, ಆಮ್ಯಾಲ ಉಳದದ್ದು. ಒಂದಽ ಹೇಳಿ ಬಂದ್ರ ಈ ಮನ್ಯಾಗ ನಿಮಗ ಚಹಾ ಇಲ್ಲ.’

ನಾನು ಇಲ್ಲಿ ವಿಚಾರಣೆಯ ಮಾತನ್ನು ನಿಲ್ಲಿಸಿ ಮುಂದಿನದನ್ನು ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದದ್ದು ಹೇಳಿಕೊಳ್ಳುವಂಥದ್ದಲ್ಲ. ಸಾಹುಕಾರರಿಗೆ ಏನೂ ಆಗಲಿಲ್ಲ. ಊರಿನ ಶಾಂತಿ ಕಮಿಟಿಗೆ ಅವರೇ ಅಧ್ಯಕ್ಷರಾದರು, ಮುಂದೆ ಇನ್ನೂ ದೊಡ್ಡವರಾದರು. ಅವರು ಆ ಓಣಿಯ ಮೇಲೆ ಹಗೆ ಸಾಧಿಸಲಿಲ್ಲ ಎಂಬುದನ್ನೂ ಹೇಳಬೇಕು. ಬಡಿಗೆಯವರು ಮತ್ತೆ ಬರಲಿಲ್ಲ. ಆದರೆ ನಮ್ಮ ಸಾಹೇಬರನ್ನು ಹಿಂದೂಗಳೂ ನಮಕ್ ಹರಾಮ್ ಎಂದರು, ಅವರ ಓಣಿಯವರೂ ಎಂದರು. ಊರಿನ ಎರಡು ಕಡೆಯವರು ಒಂದೇ ಮಾತು ಆಡಿದ್ದನ್ನು ನಾನು ಅದೇ ಮೊದಲು ಕೇಳಿದೆ. ಚಳಿಗಾಲದ ಹೊತ್ತಿಗೆ ಅವರನ್ನು ಔರಾದಿಗೆ ವರ್ಗ ಮಾಡಿದರು.

ಔರಾದಿನಲ್ಲಿ ಅವರು ಬಹಳ ವರ್ಷ ಇದ್ದರು. ಊರಿಗೆ ಹೋದಾಗೆಲ್ಲ ನಾನು ದಾರಿಯಲ್ಲಿ ಇಳಿದು ಕಾಣುತ್ತಿದ್ದೆ. ಸಾಲೆ ಕನ್ನಡದ್ದಾಗಿತ್ತು, ಬಾಗಿಲು ಹಾಕುವ ಪ್ರಮೇಯವಿರಲಿಲ್ಲ, ಆದರೂ ಹಳೆಯ ಚಾಳಿಯಂತೆ ಹಾಕುತ್ತಿದ್ದರು. ಅದೇ ತೆಳು ಪುಸ್ತಕ ಮತ್ತೆ ಪಾಠಕ್ಕೆ ಬಂದಿತ್ತು. ಎರಡನೆಯ ಮುಂಜಾನೆ ಬರೆಯಿಸುವುದನ್ನು ಬಿಟ್ಟಿದ್ದರು. ಅದರ ಬದಲು ಕೊನೆಯ ಊಟದ ಪುಟವನ್ನು ಓದಿಸಿ, ಇಲ್ಲಿ ಎಲ್ಲರೂ ಉಣ್ಣುತ್ತಾರೆ, ಈ ಊಟವನ್ನು ಹೊತ್ತು ತಂದವರು ಯಾರು, ಅವರ ಹೆಸರನ್ನು ಬರೆದವನು ಏಕೆ ಹೇಳಲಿಲ್ಲ ಎಂದು ಕೇಳುತ್ತಿದ್ದರು. ಹುಡುಗರು ಪುಟ ತಿರುವಿ ತಿರುವಿ ಹುಡುಕುವರು. ಇವರು ಕಿಟಕಿಯ ಹತ್ತಿರ ಹೋಗುವರು, ಬಾಗಿಲ ಹತ್ತಿರ ಬರುವರು. ಬರೆದವನ ಮೇಲಿನ ಪ್ರೀತಿ ಕಡಿಮೆಯಾಯಿತೇ ಎಂದು ಒಮ್ಮೆ ಕೇಳಿದೆ. ಪ್ರೀತಿ ಇದ್ದದ್ದಕ್ಕೇ ಜಗಳ, ನಿಮ್ಮ ಜೊತೆ ಇಲ್ಲವೇ ಎಂದರು.

ನಿವೃತ್ತಿಯಾದ ಮೇಲೆ ಬೀದರಿಗೆ ಮರಳಿದರು. ಕೊನೆಕೊನೆಗೆ ಮಂಡಿ ನೋವು ಹಿಡಿದು ಮಂಚ ಸೇರಿದರು. ಮಂಚದ ಮೇಲೂ ಪಾದಗಳು ಆಡುತ್ತಲೇ ಇದ್ದವು ಎಂದು ಮಗಳು ಹೇಳಿದಳು. ಶಾಂತಮೂರ್ತಿ ಎಂದವರು ಬಹುಶಃ ಆಗ ನೋಡಲು ಹೋಗಿದ್ದಿರಬೇಕು.

ಇನ್ನು ಸಂತಾಪ ಸಭೆಯಲ್ಲಿ ನಾನು ಹೇಳಲೆಂದು ಎದ್ದು ಹೇಳಲಾಗದೆ ಕೂತ ಮಾತು.

ವಿಚಾರಣೆ ನಮ್ಮ ಸಾಲೆಯ ದೊಡ್ಡ ಕೋಣೆಯಲ್ಲೇ ನಡೆಯಿತು, ಕಚೇರಿಯಲ್ಲಿ ಫೌಜಿನವರು ಇಳಿದುಕೊಂಡಿದ್ದರು. ಬಂದ ಅಧಿಕಾರಿ ಮದ್ರಾಸಿನ ಕಡೆಯವರು. ಅವರಿಗೆ ಉರ್ದುವೂ ಬರದು, ನಮ್ಮ ಕನ್ನಡವೂ ತಿಳಿಯದು. ಮುಂದಿನ ಸಾಲಿನಲ್ಲಿ ಸಾಹುಕಾರರು, ಅವರ ಹಿಂದೆ ಪೇಟೆಯ ಮಂದಿ. ಕಾಶೀಬಾಯಿ ಗೋಡೆಗೆ ಒತ್ತಿ ನೆಲದ ಮೇಲೆ ಕೂತಿದ್ದಳು. ಸಾಹೇಬರು ಎದ್ದು ಮುಂದೆ ಹೋದರು. ಅಧಿಕಾರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಮಾತಾಡಿದರು. ಅಂಥ ಇಂಗ್ಲಿಷನ್ನು ನಾನು ಮತ್ತೆ ಕೇಳಿಲ್ಲ. ಮೊದಲು ಸಾಹುಕಾರರು ಬಾಗಿಲಿಗೆ ಅಡ್ಡ ನಿಂತದ್ದನ್ನು ಒಂದೂ ಬಿಡದೆ ಹೇಳಿದರು. ಗುಮಾಸ್ತ ಬರೆದುಕೊಂಡ, ಅಧಿಕಾರಿ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಹಗೇವಿನ ಮಾತು ತೆಗೆದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗುಮಾಸ್ತನ ಕೈ ನಿಂತಿತು. ಇದು ಗಲಾಟೆಗೆ ಸಂಬಂಧಿಸಿದ್ದಲ್ಲ, ಆಕಸ್ಮಿಕ ಎಂದು ಅಧಿಕಾರಿ ಸೌಜನ್ಯದಿಂದಲೇ ಹೇಳಿದರು. ಇವರು ಪೂರ್ತಿ ಹೇಳಿ ಮುಗಿಸಿಯೇ ನಿಲ್ಲಿಸಿದರು. ಮುಂದಿನ ಸಾಲಿನವರಿಗೆ ಏನೂ ತಿಳಿಯಲಿಲ್ಲ. ಸಾಹುಕಾರರು ತಮ್ಮ ಹೆಸರು ಬಂದಾಗೆಲ್ಲ ಕೈ ಮುಗಿಯುತ್ತಿದ್ದರು.

ಮುಗಿಯಿತು ಎಂದು ಎಲ್ಲರೂ ಏಳುವಾಗ ಕಾಶೀಬಾಯಿ ನಿಂತಳು.

‘ಸಾಹೇಬ್ರ, ನೀವು ಹೇಳಿದ್ದು ನನಗ ತಿಳೀಲಿಲ್ರಿ. ನಮ್ಮ ಮಾತಿನ್ಯಾಗ ಹೇಳ್ರಿ.’

ಅಧಿಕಾರಿ, ಹೇಳಿಕೆ ಆಯಿತಲ್ಲ, ಸಾಕು ಎಂದು ಕೈ ಆಡಿಸಿದರು. ಓಣಿಯ ಹಿರಿಯರು ಇವರ ಶೇರವಾನಿಯ ತುದಿ ಹಿಡಿದು ಎಳೆದರು. ಸಾಹುಕಾರರು ತಿರುಗಿ ನೋಡಿದರು. ಅವರು ಬಾಗಿಲಲ್ಲಿ ನಿಂತ ದಿನದ ಮುಖವೇ ಅದು, ಹೆದರಿದ ಮುಖ. ನಮ್ಮ ಸಾಹೇಬರು ಅವರಿಗೆ ಮೊದಲು ಸಲಾಂ ಮಾಡಿದರು. ಆಮೇಲೆ ಊರಿನ ಮಂದಿಯ ಕಡೆ ತಿರುಗಿದರು.

‘ಈ ಸಾಹುಕಾರರು ನನ್ನ ಹೆಂಡ್ತಿ ಮಕ್ಕಳ ಜೀವಾ ಉಳಸ್ಯಾರ. ಅದನ್ನ ನಾನು ಸಾಯೂತನಾ ಹೇಳ್ತೇನಿ. ಮಾಣಿಕ ಕಳುವು ಮಾಡ್ಲಾಕ ಇಳದಿಲ್ಲ. ಕಂದೀಲು ಇಳಸ್ತೇನಿ ಧಣಿ ಅಂತ ಎರಡ ಸಲ ಕೇಳ್ಯಾನ. ಮಂದಿ ಕಾಯ್ತದ, ಜೀಪು ಬರ್ತದ, ಸುಮ್ನ ಇಳಿ ಅಂತ ಇವರು ಅಂದಾರ. ನಾನು ಮ್ಯಾಲ ಕಿಟಕ್ಯಾಗ ನಿಂತಿದ್ನಿ, ನನ್ನ ಕಿವಿಲೆ ಕೇಳೇನಿ. ನೀವೆಲ್ಲಾ ಅವತ್ತು ಒಯ್ದ ಜ್ವಾಳಕ್ಕ ಇಳದು ಅಂವ ಸತ್ತಾನ.’

ಗುಮಾಸ್ತ ಕಾಗದ ಕಟ್ಟಿ ಆಗಿತ್ತು. ಕಾಶೀಬಾಯಿ ಸೆರಗು ಹೊದ್ದುಕೊಂಡು, ಕೂತ ಮಂದಿಯ ನಡುವೆ ಹಾದು, ಸಾಲೆಯ ಮುಂಬಾಗಿಲಿನಿಂದ ಹೊರಗೆ ಹೋದಳು. ಅಲ್ಲಿಂದ ಹಿತ್ತಿಲ ದಾರಿಗೆ ತಿರುಗಲಿಲ್ಲ. ಪೇಟೆಯ ನಡುಬೀದಿಯಲ್ಲಿ, ಒಂದೊಂದು ಅಂಗಡಿಯ ಮುಂದೆಯೂ ನಿಧಾನವಾಗಿ ನಡೆಯುತ್ತ ಮನೆಗೆ ಹೋದಳು.